ಡೈಯೊಳಗೆ ಕಚ್ಚಿಕೊಂಡ ಕೇಸ್: ಸುತ್ತಿಗೆ ಕೆಳಗಿಡಿ, ಬೋಲ್ಟ್ ಹುಡುಕಿ

ಪ್ರಶ್ನೆ: ಹಾರಿಸಿದ .308 ವಿಂಚೆಸ್ಟರ್ ರೈಫಲ್ ಗುಂಡುಗಳ ಖಾಲಿ ಹಿತ್ತಾಳೆ ಕೇಸುಗಳಿಗೆ ಮತ್ತೆ ಮದ್ದು ತುಂಬಲು (ರೀಲೋಡಿಂಗ್) ಅವನ್ನು ಹೊಸ ಫುಲ್ ಲೆಂಗ್ತ್ ಸೈಜಿಂಗ್ ಡೈಯಲ್ಲಿ, ಅಂದರೆ ಹಿಗ್ಗಿದ ಕೇಸನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚಿನಲ್ಲಿ, ಸೈಜ್ ಮಾಡುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಕೇಸ್ ಮೇಲಕ್ಕೆ ಹೋಯಿತು, ಕೆಳಕ್ಕೆ ಬರಲಿಲ್ಲ. ಪ್ರೆಸ್ಸಿನ ಹಿಡಿಯನ್ನು ಮೈಭಾರ ಹಾಕಿ ಎಳೆದೆ. ಕೇಸನ್ನು ಹಿಡಿದಿರುವ ಶೆಲ್ ಹೋಲ್ಡರ್ ಅದರ ರಿಮ್ಮಿನ (ತಳದ ಅಂಚಿನ) ಒಂದು ಬದಿಯನ್ನು ಕಿತ್ತುಕೊಂಡು ಕೆಳಗೆ ಬಂತು, ಕೇಸ್ ಅಲ್ಲೇ ಉಳಿಯಿತು. ಒಬ್ಬ ಸ್ನೇಹಿತ ಗ್ಯಾಸ್ ಟಾರ್ಚಿನಿಂದ ಡೈಯನ್ನು ಬಿಸಿ ಮಾಡು ಅನ್ನುತ್ತಾನೆ. ಇನ್ನೊಬ್ಬ ಮೇಲಿನಿಂದ, ಡೈಯ ನಡುವೆ ಇಳಿದಿರುವ ಡೀಕ್ಯಾಪಿಂಗ್ ರಾಡಿಗೆ ಸುತ್ತಿಗೆಯಿಂದ ಹೊಡೆ ಅನ್ನುತ್ತಾನೆ. ಈ ಡೈ ಉಳಿಯುತ್ತದೆಯೇ, ಬಿಸಾಡಬೇಕೇ?

ಉತ್ತರ: ಡೈ ಉಳಿಯುತ್ತದೆ. ಕೇಸ್ ಹೋಯಿತು, ಅದರ ಆಸೆ ಬಿಡಿ. ಆದರೆ ಇಬ್ಬರು ಸ್ನೇಹಿತರ ಮಾತನ್ನೂ ಕೇಳಬೇಡಿ. ಒಬ್ಬ ಹೇಳಿದ್ದು ಕೇಸನ್ನು ಇನ್ನಷ್ಟು ಬಿಗಿ ಮಾಡುವ ಉಪಾಯ, ಇನ್ನೊಬ್ಬ ಹೇಳಿದ್ದು ಡೀಕ್ಯಾಪಿಂಗ್ ರಾಡನ್ನು ಬಾಗಿಸುವ ಉಪಾಯ. ಎರಡನ್ನೂ ನಾನೇ ಮಾಡಿ ನೋಡಿದ್ದೇನೆ. ನನ್ನ ಮೊದಲ ಕೇಸ್ ಸಿಕ್ಕಿಕೊಂಡಾಗ ಮೊದಲು ಟಾರ್ಚ್ ಹಿಡಿದೆ, ಆಮೇಲೆ ಸುತ್ತಿಗೆ ಎತ್ತಿದೆ. ಒಂದು ಕೇಸಿನ ಜೊತೆ ರಾಡ್, ಪಿನ್, ಅರ್ಧ ದಿನ ಎಲ್ಲ ಹೋಯಿತು.

ಯಾವ ಉಪಕರಣಕ್ಕೂ ಕೈ ಹಾಕುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ. ಆ ಕೇಸಿನಲ್ಲಿ ಪ್ರೈಮರ್, ಅಂದರೆ ತಳದ ನಡುವೆ ಕೂತು ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲು, ಇದೆಯೇ? ಇದ್ದರೆ ಸಿಡಿದದ್ದೋ, ಸಿಡಿಯದ್ದೋ? ಕೇಸ್ ಪೂರ್ತಿ ಮೇಲಕ್ಕೆ ಹೋಗಿದ್ದರೆ ಡೀಕ್ಯಾಪಿಂಗ್ ಪಿನ್ ಹಳೆಯ ಪ್ರೈಮರನ್ನು ಹೊರಗೆ ತಳ್ಳಿರುತ್ತದೆ. ಡೈಯನ್ನು ಬೆಳಕಿಗೆ ಹಿಡಿದರೆ ಪ್ರೈಮರ್ ಕೂತಿದ್ದ ಖಾಲಿ ಪಾಕೆಟ್, ಅದರ ನಡುವಿನಿಂದ ಇಣುಕುವ ಪಿನ್ ಕಾಣುತ್ತದೆ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಪ್ರೈಮರ್ ಇನ್ನೂ ಅಲ್ಲೇ ಇರಬಹುದು. ಅದರ ಮೇಲೆ ಫೈರಿಂಗ್ ಪಿನ್ನಿನ ಗುಳಿ ಸ್ಪಷ್ಟವಾಗಿದ್ದು, ಆ ಗುಂಡು ಹಾರಿದ್ದು ನಿಮಗೆ ಖಾತ್ರಿಯಿದ್ದರೆ ಮುಂದುವರಿಯಿರಿ. ಹೊಸ ಪ್ರೈಮರ್ ಕೂರಿಸಿದ ಕೇಸನ್ನು ಯಾವುದೋ ಕಾರಣಕ್ಕೆ ಮತ್ತೆ ಸೈಜ್ ಮಾಡಲು ಹೋಗಿ ಸಿಕ್ಕಿಸಿಕೊಂಡಿದ್ದರೆ ಡ್ರಿಲ್ ಬೇಡ, ಸುತ್ತಿಗೆ ಬೇಡ, ಬಿಸಿಯಂತೂ ಬೇಡವೇ ಬೇಡ. ಎಣ್ಣೆ ಹಾಕಿದರೆ ಪ್ರೈಮರ್ ಸಾಯುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಎಣ್ಣೆಯಲ್ಲಿ ನೆನೆದ ಪ್ರೈಮರ್ ಎಷ್ಟೋ ಸಲ ಸಿಡಿಯುತ್ತದೆ. ಡೈಯನ್ನು ಹಾಗೆಯೇ ಅನುಭವವಿರುವ ಗನ್‌ಸ್ಮಿತ್ ಬಳಿಗೆ ಒಯ್ದು, ಒಳಗೆ ಏನಿದೆ ಎಂದು ಮೊದಲೇ ಹೇಳಿ. ಮದ್ದು ತುಂಬಿ ಬುಲೆಟ್ ಕೂರಿಸಿದ ಕಾರ್ಟ್ರಿಡ್ಜ್ ಸೀಟಿಂಗ್ ಡೈಯಲ್ಲಿ ಸಿಕ್ಕಿಕೊಂಡಿದ್ದರೂ ಇದೇ ಮಾತು. ಈ ಉತ್ತರದ ಉಳಿದ ಭಾಗವೆಲ್ಲ ಖಾಲಿ ಕೇಸಿಗೆ ಮಾತ್ರ.

ಇನ್ನು ಟಾರ್ಚಿನ ವಿಷಯ. ಬಿಗಿಯಾದ ನಟ್ಟನ್ನು ಬಿಸಿ ಮಾಡಿ ಬಿಚ್ಚಿದ ಅನುಭವ ಎಲ್ಲರಿಗೂ ಇರುತ್ತದೆ, ಹಾಗಾಗಿ ಈ ಸಲಹೆ ಸಹಜವಾಗಿ ಬಾಯಿಗೆ ಬರುತ್ತದೆ. ಅಲ್ಲಿ ಹೊರಗಿನ ನಟ್ ಹಿಗ್ಗಿ ಸಡಿಲವಾಗುತ್ತದೆ. ಇಲ್ಲಿ ಹೊರಗಿರುವುದು ಉಕ್ಕು, ಒಳಗಿರುವುದು ಹಿತ್ತಾಳೆ. ಅಷ್ಟೇ ಬಿಸಿಗೆ ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಎರಡೂ ಬಿಸಿಯಾದರೆ ಕೇಸ್ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಟಾರ್ಚಿನ ಜ್ವಾಲೆ ಡೈಯ ಹದವನ್ನೂ ಕೆಡಿಸಬಲ್ಲದು.

ಲೆಕ್ಕ ತಿರುಗಿಸಿದರೆ ತಂಪು ಮಾಡುವುದರಲ್ಲಿ ಅರ್ಥವಿದೆ. ಫ್ರೀಜರಿನಲ್ಲಿ ಕೆಲವು ಗಂಟೆ ಇಟ್ಟರೆ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. ಎಷ್ಟು? .308ರ ತಳದ ಹತ್ತಿರದ ವ್ಯಾಸ ಸುಮಾರು 12 ಮಿಮೀ. ಕೋಣೆಯ ಉಷ್ಣತೆಯಿಂದ ಮೈನಸ್ 18 ಡಿಗ್ರಿಗೆ ಇಳಿದರೆ ಎರಡು ಲೋಹಗಳ ನಡುವಿನ ವ್ಯತ್ಯಾಸ ಸುಮಾರು 0.004 ಮಿಮೀ. ಇಷ್ಟರಿಂದ ಕೇಸ್ ತಾನಾಗಿ ಉದುರುವುದಿಲ್ಲ. ಆದರೆ ಬೋಲ್ಟಿನಿಂದ ಎಳೆಯುವಾಗ ಇದು ಸಣ್ಣ ನೆರವು, ಪುಕ್ಕಟೆ ನೆರವು. ಕತ್ತಿನ (ಬುಲೆಟ್ ಕೂರುವ ಸಣ್ಣ ಬಾಯಿಯ) ಕಡೆಯಿಂದ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡುವುದಕ್ಕೂ ಹೀಗೆಯೇ ಹೇಳುತ್ತೇನೆ. ಕೇಸ್ ಎಲ್ಲಿ ಕಚ್ಚಿದೆಯೋ ಅಲ್ಲಿಗೆ ಎಣ್ಣೆ ಹೋಗಲು ಜಾಗವೇ ಇರುವುದಿಲ್ಲ, ಆದರೂ ಕತ್ತು ಮತ್ತು ಅದರ ಬುಡದ ಇಳಿಜಾರಾದ ಭುಜದ ಸುತ್ತ ಇಳಿದಷ್ಟು ಲಾಭ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಕೇಸ್ ಕಚ್ಚಿದ್ದು ಯಾಕೆ ಎಂದು ತಿಳಿದರೆ ತೆಗೆಯುವ ದಾರಿಯೂ ಹೊಳೆಯುತ್ತದೆ. ಹಾರಿಸಿದಾಗ ಕೇಸ್ ಬಂದೂಕಿನ ಚೇಂಬರಿನ ಗೋಡೆಗೆ ಹಿಗ್ಗುತ್ತದೆ. ಸೈಜಿಂಗ್ ಡೈ ಅದನ್ನು ಒಂದು ಕೂದಲೆಳೆಯಷ್ಟು ಕುಗ್ಗಿಸಬೇಕು. ನಡುವೆ ಲೂಬಿನ (ಜಾರಿಸುವ ಜಿಡ್ಡಿನ) ತೆಳು ಪದರ ಇದ್ದರೆ ಜಾರುತ್ತದೆ. ಅದು ಹರಿದ ಕಡೆ ಬರಿಯ ಹಿತ್ತಾಳೆ ಬರಿಯ ಉಕ್ಕಿಗೆ ಉಜ್ಜಿ, ಒತ್ತಡಕ್ಕೆ ಅಲ್ಲೇ ಮೆತ್ತಿಕೊಳ್ಳುತ್ತದೆ. ಆದರೆ ಕೇಸಿನ ಮೈ ತಳದಿಂದ ಭುಜದ ಕಡೆಗೆ ಸ್ವಲ್ಪ ಸಣ್ಣದಾಗುತ್ತಾ ಹೋಗುವ ಶಂಕುವಿನಂತಿದೆ, ಡೈಯ ಒಳಮೈಯೂ ಹಾಗೆಯೇ. ಅಂದರೆ ಕೇಸ್ ಒಂದೆರಡು ಮಿಲಿಮೀಟರ್ ಹಿಂದೆ ಸರಿದರೆ ಸಾಕು, ಎಲ್ಲ ಕಡೆ ಏಕಕಾಲಕ್ಕೆ ಸಡಿಲವಾಗುತ್ತದೆ. ನಮಗೆ ಬೇಕಿರುವುದು ಆ ಮೊದಲ ಎರಡು ಮಿಲಿಮೀಟರಿನ ನೇರವಾದ, ನಿಧಾನವಾದ, ಬಹಳ ಬಲವಾದ ಎಳೆತ. ಅದನ್ನು ಕೊಡುವುದು ಸ್ಕ್ರೂ. ರಿಮ್ ಹರಿದದ್ದರಿಂದ ಹೆದರಬೇಕಿಲ್ಲ. ಕೇಸಿನ ತಳದ ಲೋಹ ದಪ್ಪವಾಗಿದೆ, ಹಿಡಿತ ಅಲ್ಲಿ ಸಿಗುತ್ತದೆ.

ಮಾರುಕಟ್ಟೆಯಲ್ಲಿ ಸ್ಟಕ್ ಕೇಸ್ ರಿಮೂವರ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಕಿಟ್ ಸಿಗುತ್ತದೆ. ಆರ್‌ಸಿಬಿಎಸ್, ಹಾರ್ನಡಿ ಮೊದಲಾದವರು ಮಾಡುತ್ತಾರೆ. ಒಂದು ಡ್ರಿಲ್ ಬಿಟ್, ತೂತಿನೊಳಗೆ ಥ್ರೆಡ್ ಕೊರೆಯುವ ಒಂದು ಟ್ಯಾಪ್, ಬಟ್ಟಲಿನಂಥ ಒಂದು ಉಕ್ಕಿನ ತುಂಡು, ಒಂದು ಬೋಲ್ಟ್, ಅಷ್ಟೇ. ಅದರ ಸಾಮಾನ್ಯ ಅಳತೆ ಕಾಲಿಂಚಿನ, ಇಂಚಿಗೆ 20 ಥ್ರೆಡ್ಡಿನ ಟ್ಯಾಪ್ ಮತ್ತು ಅದಕ್ಕೆ 0.201 ಇಂಚಿನ ಡ್ರಿಲ್, ಅಂದರೆ 5.1 ಮಿಮೀ. ಕಿಟ್ ಇಲ್ಲದಿದ್ದರೆ 6 ಮಿಮೀ ಟ್ಯಾಪ್ ಮತ್ತು 5 ಮಿಮೀ ಡ್ರಿಲ್ಲಿನಿಂದ ಅದೇ ಕೆಲಸ ಆಗುತ್ತದೆ. ಬಟ್ಟಲಿನ ಬದಲು 14 ಅಥವಾ 15 ಮಿಮೀ ಸಾಕೆಟ್ ಸಾಕು. ಅದರ ಬಾಯಿ ಡೈಯ ಅಂಚಿನ ಮೇಲೆ ಕೂರಬೇಕು, ಕೇಸಿನ ತಳ ಅದರೊಳಗೆ ತೂರಬೇಕು. .308ರ ರಿಮ್ 12 ಮಿಮೀ, ಡೈಯ ಹೊರ ವ್ಯಾಸ ಸುಮಾರು 22 ಮಿಮೀ. ನಡುವೆ ಸಾಕೆಟ್ ಕೂರಲು ಬೇಕಾದಷ್ಟು ಜಾಗವಿದೆ.

ಈಗ ಕೆಲಸ. ಡೈಯನ್ನು ಪ್ರೆಸ್ಸಿನಿಂದ ಬಿಚ್ಚಿ ಹೊರಗೆ ತನ್ನಿ. ಮೊದಲ ಮತ್ತು ಬಹಳ ಜನ ಮರೆಯುವ ಹೆಜ್ಜೆ ಡೀಕ್ಯಾಪಿಂಗ್ ರಾಡನ್ನು ದಾರಿಯಿಂದ ತೆಗೆಯುವುದು. ಅದರ ತುದಿಯ ಪಿನ್ ಪ್ರೈಮರಿನ ಕಿಡಿ ಒಳಗೆ ಹೋಗುವ ಫ್ಲ್ಯಾಶ್ ಹೋಲಿನಲ್ಲೇ ಕೂತಿರುತ್ತದೆ, ಪಿನ್ನಿನ ಮೇಲೆ ಕತ್ತನ್ನು ಒಳಗಿನಿಂದ ಅಗಲಿಸುವ ಎಕ್ಸ್‌ಪ್ಯಾಂಡರ್ ಬಾಲ್ ಕೇಸಿನ ಹೊಟ್ಟೆಯೊಳಗೆ ಇರುತ್ತದೆ. ಹಾಗೆಯೇ ಡ್ರಿಲ್ ಹಾಕಿದರೆ ಗಟ್ಟಿ ಪಿನ್ನಿಗೆ ತಾಗಿ ಡ್ರಿಲ್ ಓರೆಯಾಗುತ್ತದೆ, ಪಿನ್ ಮುರಿಯುತ್ತದೆ. ರಾಡಿನ ಲಾಕ್ ನಟ್ ಸಡಿಲಿಸಿ, ರಾಡನ್ನು ಸ್ಪ್ಯಾನರಿನಿಂದ ತಿರುಗಿಸುತ್ತಾ ಮೇಲಕ್ಕೆ ತನ್ನಿ. ಸ್ವಲ್ಪ ದೂರ ಹೋದ ಮೇಲೆ ಬಿಗಿಯಾಗುತ್ತದೆ. ಡೈ ಈಗಾಗಲೇ ಕುಗ್ಗಿಸಿರುವ ಕತ್ತಿಗೆ ಬಾಲ್ ಒಳಗಿನಿಂದ ತಾಗಿತು ಎಂದು ಅರ್ಥ. ಕತ್ತಿನೊಳಗೆ ಒಂದೆರಡು ಹನಿ ಎಣ್ಣೆ ಬಿಟ್ಟು ತಿರುಗಿಸುತ್ತಾ ಹೋಗಿ. ಸಾಮಾನ್ಯ ಸೈಜಿಂಗಿನಲ್ಲಿ ಕತ್ತು ಆ ಬಾಲನ್ನು ದಾಟುವುದು ಡೈಯ ಕತ್ತಿನ ಭಾಗದಿಂದ ಹೊರಬಂದ ಮೇಲೆ; ಇಲ್ಲಿ ಡೈ ಕತ್ತನ್ನು ಹೊರಗಿನಿಂದ ಬಿಗಿಯಾಗಿ ಹಿಡಿದಿರುವುದರಿಂದ ಬಾಲ್ ದಾಟದೆಯೂ ಇರಬಹುದು, ಬಲವಂತ ಬೇಡ. ದಾಟಿದರೆ ರಾಡನ್ನು ಪೂರ್ತಿ ತೆಗೆದುಬಿಡಿ. ದಾಟದಿದ್ದರೆ, ಅಥವಾ ರಾಡಿನ ಥ್ರೆಡ್ ಅಷ್ಟು ಉದ್ದವಿಲ್ಲದಿದ್ದರೆ, ಆದಷ್ಟು ಮೇಲಕ್ಕೆ ತಂದು ನಿಲ್ಲಿಸಿ. ಇಕ್ಕಳದಿಂದ ರಾಡಿನ ಥ್ರೆಡ್ ಹಿಡಿದು ಎಳೆಯಬೇಡಿ, ಥ್ರೆಡ್ ಹಾಳಾದರೆ ಅದೊಂದು ಬೇರೆ ಕಥೆ.

ಇಲ್ಲಿ ನಿಮ್ಮ ಎರಡನೇ ಸ್ನೇಹಿತನಿಗೂ ಸ್ವಲ್ಪ ನ್ಯಾಯ ಸಲ್ಲಬೇಕು. ಲೀ ಕಂಪನಿಯ ಡೈಗಳಲ್ಲಿ ರಾಡನ್ನು ಥ್ರೆಡ್ಡಿನ ಬದಲು ಕಾಲೆಟ್, ಅಂದರೆ ಸುತ್ತಲಿಂದ ಬಿಗಿಯುವ ಹಿಡಿಕೆ, ಹಿಡಿದಿರುತ್ತದೆ. ಕಾಲೆಟ್ ಸಡಿಲಿಸಿ, ರಾಡನ್ನು ಮೇಲಿನಿಂದ ಹೊಡೆದು ಕೇಸನ್ನು ಹೊರಗೆ ಹಾಕಬಹುದು. ಆ ರಾಡನ್ನು ಅದಕ್ಕೆ ತಡೆದುಕೊಳ್ಳುವಂತೆ ಮಾಡಿದ್ದಾರೆ. ಅವನ ಬಳಿ ಬಹುಶಃ ಅಂಥ ಡೈ ಇದೆ. ಥ್ರೆಡ್ಡಿನ ರಾಡಿಗೆ ಅದೇ ಪೆಟ್ಟು ಕೊಟ್ಟರೆ ತೆಳ್ಳನೆಯ ರಾಡ್ ಬಾಗುತ್ತದೆ, ಪೆಟ್ಟು ಥ್ರೆಡ್ಡಿಗೂ ಬೀಳುತ್ತದೆ. ರಾಡ್ ಪೂರ್ತಿ ಹೊರಗೆ ಬಂದಿದ್ದರೆ ಕತ್ತಿನಲ್ಲಿ ತೂರುವಷ್ಟು ದಪ್ಪದ ಉಕ್ಕಿನ ಸರಳನ್ನು ಮೇಲಿನಿಂದ ಇಳಿಸಿ, ತಳಕ್ಕೆ ಒಳಗಿನಿಂದ ತಟ್ಟುವ ದಾರಿ ಒಂದಿದೆ. .308ರ ಕತ್ತಿನಲ್ಲಿ 7 ಮಿಮೀ ಸರಳು ತೂರುತ್ತದೆ. ಸಾಧಾರಣ ಹಿಡಿತದ ಕೇಸ್ ಇದಕ್ಕೆ ಬಗ್ಗುತ್ತದೆ. ನಾನು ಇದನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಪೆಟ್ಟು ಓರೆಯಾದರೆ ಡೈಯ ಕತ್ತಿನ ಭಾಗಕ್ಕೆ ಗೀರು ಬೀಳಬಹುದು.

ಡೈಯನ್ನು ಬಾಯಿ ಮೇಲಾಗಿ ಹಿಡಿಯಬೇಕು. ವೈಸಿನಲ್ಲಿ ಹಿಡಿದರೆ ದವಡೆಗಳ ನಡುವೆ ಮರದ ತುಂಡು ಇಡಿ, ಹೊರಗಿನ ಥ್ರೆಡ್ ಕಚ್ಚಬಾರದು. ನನಗೆ ಇಷ್ಟವಾದ ಉಪಾಯ ಬೇರೆ. ಡೈಯನ್ನು ತಲೆಕೆಳಗು ಮಾಡಿ ಅದೇ ಪ್ರೆಸ್ಸಿಗೆ ಮೇಲಿನಿಂದ ತಿರುಗಿಸಿ. ಬಲಮುಖದ ಥ್ರೆಡ್ ಯಾವ ತುದಿಯಿಂದ ನೋಡಿದರೂ ಬಲಮುಖದ್ದೇ, ಸಲೀಸಾಗಿ ಕೂರುತ್ತದೆ. ಲಾಕ್ ರಿಂಗ್ ಅಡ್ಡ ಬಂದರೆ ತೆಗೆದು ಮತ್ತೆ ಹಾಕಿಕೊಳ್ಳಿ. ಪ್ರೆಸ್ಸಿಗಿಂತ ಗಟ್ಟಿಯಾದ ವೈಸ್ ನಿಮ್ಮ ಮೇಜಿನ ಮೇಲೆ ಇನ್ನೊಂದಿಲ್ಲ.

ಕಣ್ಣಿಗೆ ಕನ್ನಡಕ ಹಾಕಿ. ಶೆಲ್ ಹೋಲ್ಡರ್ ಹಿಡಿಯುವ ಭಾಗ ಡೈಯೊಳಗೆ ಹೋಗುವುದೇ ಇಲ್ಲ, ಆದ್ದರಿಂದ ಕೇಸಿನ ತಳ ಸುಮಾರು 3 ಮಿಮೀ ಹೊರಗೆ ಇಣುಕಿರುತ್ತದೆ. ಅದರ ನಡುವಿನ ಪ್ರೈಮರ್ ಪಾಕೆಟ್ ನಮಗೆ ಸಿಕ್ಕ ಅದೃಷ್ಟ. ದೊಡ್ಡ ಪ್ರೈಮರಿನ ಪಾಕೆಟ್ 5.3 ಮಿಮೀ ಅಗಲ. 5.1ರ ಡ್ರಿಲ್ ಅದರೊಳಗೆ ತಾನಾಗಿ ನಡುವಿಗೆ ಬರುತ್ತದೆ, ಕೊರೆಯಬೇಕಾದದ್ದು ಪಾಕೆಟ್ಟಿನ ಕೆಳಗಿನ ತೆಳು ಗೋಡೆಯನ್ನು ಮಾತ್ರ. ಸಣ್ಣ ಪ್ರೈಮರಿನ ಕೇಸಾದರೆ ಪಾಕೆಟ್ 4.4 ಮಿಮೀ ಆಸುಪಾಸು, ಡ್ರಿಲ್ ಅದನ್ನೂ ಸ್ವಲ್ಪ ಅಗಲಿಸಿಕೊಂಡು ಹೋಗುತ್ತದೆ. ನಿಧಾನ ವೇಗದಲ್ಲಿ, ನೇರವಾಗಿ ಕೊರೆಯಿರಿ. ಹಿತ್ತಾಳೆ ಡ್ರಿಲ್ಲನ್ನು ತಾನೇ ಒಳಗೆ ಎಳೆದುಕೊಳ್ಳುವ ಲೋಹ, ಅದನ್ನು ಹಿಂದಕ್ಕೆ ತಡೆದು ಹಿಡಿಯಬೇಕಾಗುತ್ತದೆ. ತುದಿಯಿಂದ 6 ಮಿಮೀ ಮೇಲೆ ಡ್ರಿಲ್ಲಿಗೆ ಟೇಪ್ ಸುತ್ತಿ. ಪಾಕೆಟ್ 3 ಮಿಮೀಗಿಂತ ತುಸು ಹೆಚ್ಚು ಆಳ, ಅದರ ಕೆಳಗಿನ ಗೋಡೆ ಸುಮಾರು 2 ಮಿಮೀ. ಅಷ್ಟು ದಾಟಿದ ಮೇಲೆ ಒಳಗೆ ಕೊರೆಯಲು ಏನೂ ಇಲ್ಲ. ರಾಡ್ ಒಳಗೇ ಉಳಿದಿದ್ದರೆ ಕೊರೆದರೆ ಕೆಡುವುದು ಅದೇ.

ಟ್ಯಾಪ್ ಹೊಡೆಯುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪ್ ಮುರಿದು ಒಳಗೆ ಉಳಿದರೆ ಈಗಿನ ಕಷ್ಟ ಹಗುರವಾಗಿತ್ತು ಅನ್ನಿಸುತ್ತದೆ. ಪಾಕೆಟ್ಟಿನ ಗೋಡೆ ಟ್ಯಾಪಿಗೆ ಬೇಕಾದುದಕ್ಕಿಂತ ಸ್ವಲ್ಪ ಅಗಲ, ಅಲ್ಲಿ ಥ್ರೆಡ್ ಪೂರ್ಣ ಆಳಕ್ಕೆ ಬರುವುದಿಲ್ಲ. ಕೆಳಗಿನ ಗೋಡೆಯಲ್ಲಿ ಪೂರ್ಣವಾಗಿ ಬರುತ್ತದೆ. ಹಾಗಾಗಿ ಟ್ಯಾಪಿನ ಮೊನಚು ಭಾಗ ಪೂರ್ತಿ ಆಚೆ ದಾಟುವವರೆಗೆ ಇಳಿಸುವುದು ಮುಖ್ಯ. ಅರ್ಧಕ್ಕೆ ನಿಲ್ಲಿಸಿದವರ ಥ್ರೆಡ್ ಎಳೆಯುವಾಗ ಕಿತ್ತು ಬರುತ್ತದೆ, ಆಮೇಲೆ ಈ ವಿಧಾನವೇ ಸರಿಯಿಲ್ಲ ಅನ್ನುತ್ತಾರೆ. ಹಿತ್ತಾಳೆಯ ಚೂರುಗಳನ್ನು ಬ್ರಷ್ಷಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ಪಾಕೆಟ್ಟಿನ ಕಪ್ಪು ಪುಡಿಯಲ್ಲಿ ಸೀಸ ಇರುವುದು ಸಾಮಾನ್ಯ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಈಗ ಸಾಕೆಟ್ಟನ್ನು ಡೈಯ ಬಾಯಿಯ ಮೇಲೆ ಕೂರಿಸಿ, ಅದರ ಮೇಲೆ ದಪ್ಪ ವಾಷರ್, ಅದರ ಮೂಲಕ ಬೋಲ್ಟ್. ಕಿಟ್ಟಿನಲ್ಲಿ ಬೋಲ್ಟಿನ ತಲೆಯನ್ನೇ ಅಲೆನ್ ಕೀಯಿಂದ ತಿರುಗಿಸುತ್ತಾರೆ. ಬೋಲ್ಟ್ ಕೇಸಿನೊಳಗೆ ಇಳಿಯುತ್ತಾ ಕೇಸನ್ನು ಮೇಲಕ್ಕೆ ಎಳೆಯುತ್ತದೆ. ಕೆಲಸ ಆಗುತ್ತದೆ, ಆದರೆ ಇಡೀ ಎಳೆತದ ಭಾರದಲ್ಲಿ ಹಿತ್ತಾಳೆಯ ಥ್ರೆಡ್ಡಿನೊಳಗೆ ಬೋಲ್ಟ್ ಉಜ್ಜುತ್ತಾ ತಿರುಗುತ್ತದೆ. ನಾನು ಪೂರ್ತಿ ಥ್ರೆಡ್ ಇರುವ ಸ್ಟಡ್ಡನ್ನು ಕೇಸಿನಲ್ಲಿ ಬಿಗಿಯಾಗಿ ಕೂರಿಸಿ, ಅದು ತಿರುಗದಂತೆ ತುದಿಯಲ್ಲಿ ಹಿಡಿದುಕೊಂಡು, ವಾಷರಿನ ಮೇಲಿನ ನಟ್ಟನ್ನು ತಿರುಗಿಸುತ್ತೇನೆ. ಆಗ ತಿರುಗುವುದು ಉಕ್ಕಿನ ಮೇಲೆ ಉಕ್ಕು, ಹಿತ್ತಾಳೆಯ ಥ್ರೆಡ್ ಅಲುಗಾಡದೆ ಹಿಡಿದಿರುತ್ತದೆ. ನಟ್ಟಿಗೂ ವಾಷರಿಗೂ ಎಣ್ಣೆ ಹಚ್ಚಿ. ಫ್ರೀಜರಿನಲ್ಲಿ ಇಡುವುದಿದ್ದರೆ ಈ ಜೋಡಣೆಯನ್ನು ಕೈಬಿಗಿ ಮಾಡಿ ಇಡೀ ಒಳಗಿಡಿ, ತೆಗೆದ ಕೂಡಲೇ ತಿರುಗಿಸಿ.

ಕಾಲು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಕಾಲು ಸುತ್ತು. ಬಿಗಿ ಏರುತ್ತಾ ಹೋಗುತ್ತದೆ, ಇನ್ನೇನು ಥ್ರೆಡ್ ಕಿತ್ತೇ ಹೋಯಿತು ಅನ್ನಿಸುವ ಹಂತ ಬರುತ್ತದೆ. ಆಗ ಟಕ್ ಎಂಬ ಸದ್ದು. ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಏನೋ ಮುರಿಯಿತು ಎಂದುಕೊಳ್ಳುತ್ತೀರಿ. ಮುರಿದದ್ದು ಹಿಡಿತ ಮಾತ್ರ. ಮುಂದಿನ ಸುತ್ತುಗಳು ಹಗುರ, ಕೇಸ್ ಕೈಗೆ ಬರುತ್ತದೆ. ರಾಡ್ ಒಳಗೆ ಇದ್ದರೆ ಕತ್ತು ಬಾಲನ್ನು ದಾಟುವಾಗ ಮತ್ತೊಮ್ಮೆ ಬಿಗಿ ಕಾಣುತ್ತದೆ, ಗಾಬರಿ ಬೇಡ.

ಥ್ರೆಡ್ ನಿಜವಾಗಿಯೂ ಕಿತ್ತರೆ 6.8 ಮಿಮೀ ಡ್ರಿಲ್, 8 ಮಿಮೀ ಟ್ಯಾಪ್ ಹಾಕಿ ಇನ್ನೊಮ್ಮೆ ಪ್ರಯತ್ನಿಸಲು 12 ಮಿಮೀ ತಳದಲ್ಲಿ ಲೋಹ ಉಳಿದಿರುತ್ತದೆ. ಅದೂ ಸೋತರೆ ಡೈಯನ್ನು ತಯಾರಕರಿಗೆ ಕಳಿಸಿ. ಇದು ಅವರಿಗೆ ನಿತ್ಯದ ಕೆಲಸ. ಆಸಿಡ್ ಹಾಕಿ ಹಿತ್ತಾಳೆ ಕರಗಿಸುವ ಸಾಹಸಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೇಸ್ ಹೊರಬಂದ ಕೂಡಲೇ ಡೈಯನ್ನು ಮತ್ತೆ ಪ್ರೆಸ್ಸಿಗೆ ಹಾಕಿ ಕೆಲಸ ಶುರು ಮಾಡಬೇಡಿ. ಒಳಗೆ ಹಿತ್ತಾಳೆ ಮೆತ್ತಿಕೊಂಡಿರುತ್ತದೆ, ಬೆಳಕಿಗೆ ಹಿಡಿದರೆ ಹಳದಿ ಗೆರೆಯಾಗಿ ಕಾಣುತ್ತದೆ. ಅದನ್ನು ಬಿಟ್ಟರೆ ಮುಂದಿನ ಪ್ರತಿ ಕೇಸಿಗೂ ಅದೇ ಜಾಗದಲ್ಲಿ ಉದ್ದ ಗೀರು ಬೀಳುತ್ತದೆ, ಹಿಡಿತ ಮತ್ತೆ ಅಲ್ಲಿಂದಲೇ ಆರಂಭವಾಗುತ್ತದೆ. ಹಿತ್ತಾಳೆಯ ಕಲೆ ತೆಗೆಯುವ ಬೋರ್ ಸಾಲ್ವೆಂಟಿನಲ್ಲಿ ನೆನೆಸಿ, ಬ್ರಷ್ ಹಾಕಿ, ಆಮೇಲೆ ಬಟ್ಟೆ ಸುತ್ತಿದ ಕೋಲಿಗೆ ನಯವಾದ ಪಾಲಿಶಿಂಗ್ ಪೇಸ್ಟ್ ಹಚ್ಚಿ ಒಳಮೈ ಉಜ್ಜಿ. ಮರಳು ಕಾಗದ ಬೇಡ, ಅದು ಅಳತೆಯನ್ನೇ ಬದಲಿಸುತ್ತದೆ. ಡೀಕ್ಯಾಪಿಂಗ್ ಪಿನ್ ನೆಟ್ಟಗಿದೆಯೇ, ಬಾಲಿನ ಮೇಲೆ ಗೀರಿದೆಯೇ ನೋಡಿ. ಶೆಲ್ ಹೋಲ್ಡರಿನ ಸಂದಿಯಲ್ಲಿ ಹರಿದ ರಿಮ್ಮಿನ ಚೂರು ಉಳಿದಿರಬಹುದು, ತೆಗೆಯಿರಿ. ಫ್ರೀಜರಿನಿಂದ ಬಂದ ಡೈ ಬೆವರುತ್ತದೆ, ಒರೆಸಿ ಎಣ್ಣೆಯ ಕೈ ಸವರದಿದ್ದರೆ ಮರುದಿನಕ್ಕೆ ತುಕ್ಕು.

ನಿಮ್ಮದು ಹೊಸ ಡೈ, ಮೂರು ನಾಲ್ಕು ಕೇಸಿನಲ್ಲೇ ಸಿಕ್ಕಿಕೊಂಡಿತು ಅಂದಿರಿ. ಅದರಲ್ಲೇ ಅರ್ಧ ಉತ್ತರವಿದೆ. ಹೊಸ ಡೈಯ ಒಳಗೆ ತುಕ್ಕು ತಡೆಯುವ ಎಣ್ಣೆ ಇರುತ್ತದೆಯೇ ಹೊರತು ಲೂಬ್ ಇರುವುದಿಲ್ಲ. ಅದನ್ನು ತೊಳೆದು, ಮೊದಲ ನಾಲ್ಕೈದು ಕೇಸುಗಳಿಗೆ ಸ್ವಲ್ಪ ಧಾರಾಳವಾಗಿ ಲೂಬ್ ಹಚ್ಚಿ ಡೈಯನ್ನು ರೂಢಿಸಬೇಕು. ಸ್ಪ್ರೇ ಲೂಬ್ ಬಳಸಿದ್ದರೆ ಅದರಲ್ಲಿನ ಆಲ್ಕೋಹಾಲಿನಂಥ ದ್ರಾವಕ ಆರುವವರೆಗೆ ಕೆಲವು ನಿಮಿಷ ಕಾಯಬೇಕು. ಒದ್ದೆ ಇರುವಾಗ ಜಾರುತ್ತದೆ ಎಂದು ಅನ್ನಿಸುತ್ತದೆ, ಜಾರಿಸುವುದು ಆರಿದ ಮೇಲೆ ಉಳಿಯುವ ಲ್ಯಾನೋಲಿನ್‌ನಂಥ ಜಿಡ್ಡು. ಸ್ಪ್ರೇ ಹೊಡೆಯುವಾಗ ಕೇಸುಗಳು ಸಾಲಾಗಿ ನಿಂತಿದ್ದರೆ ಒಂದು ಬದಿ ಒಣಗೇ ಉಳಿಯುತ್ತದೆ, ತಳದ ಹತ್ತಿರ ವಿಶೇಷವಾಗಿ. ಡೈ ಕಚ್ಚುವುದು ಅಲ್ಲೇ. ಬೆರಳಿನಿಂದ ಹಚ್ಚುವ ಸೈಜಿಂಗ್ ವ್ಯಾಕ್ಸ್ ಬಳಸಿದರೆ ಯಾವ ಕೇಸಿಗೆ ಎಷ್ಟು ತಾಗಿತು ಎಂದು ಬೆರಳಿಗೇ ಗೊತ್ತಾಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಭುಜಕ್ಕೆ ಮಾತ್ರ ಹಚ್ಚಬೇಡಿ; ಅಲ್ಲಿ ಲೂಬ್ ಹೆಚ್ಚಾದರೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯನ್ನೇ ಒಳಕ್ಕೆ ಒತ್ತಿ ಗುಳಿ ಮಾಡುತ್ತದೆ. ಕತ್ತಿನ ಒಳಗೆ ಚೂರು ಗ್ರಾಫೈಟ್ ಪುಡಿ ಇದ್ದರೆ ಬಾಲ್ ಕಿರುಗುಟ್ಟುವುದಿಲ್ಲ.

ಪಿಸ್ತೂಲ್ ಕೇಸುಗಳ ಕಾರ್ಬೈಡ್ ಡೈಗೆ ಲೂಬ್ ಬೇಡ ಎಂದು ಕೇಳಿ ಇಲ್ಲೂ ಹಾಗೇ ಮಾಡಿದ್ದರೆ, ಅದು ನೇರ ಗೋಡೆಯ ಕೇಸಿಗೆ ಸಲ್ಲುವ ಮಾತು. ಕತ್ತು ಭುಜವಿರುವ ರೈಫಲ್ ಕೇಸಿಗೆ ಡೈ ಕಾರ್ಬೈಡಿನದ್ದೇ ಆದರೂ ಲೂಬ್ ಬೇಕು.

ಸ್ವಚ್ಛಗೊಳಿಸಿದ ಡೈಯನ್ನು ಮತ್ತೆ ಹೊಂದಿಸಿದ ಮೇಲೆ ಮೊದಲ ಕೇಸನ್ನು ಅರ್ಧದವರೆಗೆ ಮಾತ್ರ ಏರಿಸಿ ಹಿಂದಕ್ಕೆ ತನ್ನಿ. ಹಿಡಿ ಒಂದೇ ಸಮನೆ ಬಂದರೆ ಮುಂದೆ ಹೋಗಿ. ನಡುವೆ ಎಲ್ಲಾದರೂ ಗರಗರ ಎಂದರೆ, ಅಥವಾ ಹಿಂದಿನ ಕೇಸಿಗಿಂತ ಬಿಗಿ ಅನ್ನಿಸಿದರೆ, ಅಲ್ಲಿಂದ ಮೇಲಕ್ಕೆ ಒಂದು ಮಿಲಿಮೀಟರೂ ಬೇಡ. ಅಷ್ಟರಲ್ಲಿ ಕೇಸ್ ಇನ್ನೂ ಹಿಂದೆ ಬರುತ್ತದೆ, ರಿಮ್ ಇನ್ನೂ ಗಟ್ಟಿಯಿರುತ್ತದೆ. ಇಳಿಸಿ, ಒರೆಸಿ, ಮತ್ತೆ ಲೂಬ್ ಹಚ್ಚಿ ಏರಿಸಿ. ಆ ಕೇಸಿನ ಮೈಯಲ್ಲಿ ಉದ್ದ ಗೀರು ಕಂಡರೆ ಡೈಯಲ್ಲಿ ಹಿತ್ತಾಳೆ ಇನ್ನೂ ಉಳಿದಿದೆ, ಪಾಲಿಶ್ ಇನ್ನೊಂದು ಸುತ್ತು ಆಗಬೇಕು.